ಮೈಸೂರಿನೋರು ಒಳ್ಳೇವ್ರಂತೆ

ಮೈಸೂರಿನವರ ಬಾಯಲ್ಲಿ ಬಾರದ ಮಾತು ಒಂದಿದೆ. ‘ಗೊತ್ತಿಲ್ಲ.’

ನಂಬಿಕೆ ಇಲ್ಲದಿದ್ದರೆ ಪರೀಕ್ಷೆ ಮಾಡಿ ನೋಡಿ. ಅಗ್ರಹಾರದ ಯಾವುದಾದರೂ ಮೂಲೆಯಲ್ಲಿ ನಿಂತು, ಇಲ್ಲದ ಬೀದಿಯ ಹೆಸರು ಹೇಳಿ, ಎಲ್ಲಿ ಬರುತ್ತೆ ಅಂತ ಕೇಳಿ. ಹಾಲಿನ ಪ್ಯಾಕೆಟ್ ಹಿಡಿದು ಮನೆಗೆ ಹೊರಟಿದ್ದ ಹಿರಿಯರೊಬ್ಬರು ನಿಲ್ಲುತ್ತಾರೆ. ಕನ್ನಡಕ ಸರಿಮಾಡಿಕೊಳ್ಳುತ್ತಾರೆ. ಆ ಹೆಸರನ್ನು ಎರಡು ಸಲ ತಾವೇ ಹೇಳಿಕೊಳ್ಳುತ್ತಾರೆ. ಆಮೇಲೆ, ‘ನೋಡಿ, ಶಾಂತಲಾ ಟಾಕೀಸ್ ಇತ್ತಲ್ಲ, ಅಲ್ಲಿಂದ ಎಡಕ್ಕೆ...’ ಅಂತ ಶುರು. ಟಾಕೀಸ್ ಮುಚ್ಚಿ ವರ್ಷಗಳಾದವು. ಹೊರಗಿನವರಿಗೆ ಅದು ಎಲ್ಲಿತ್ತು ಅಂತ ಹೇಗೆ ಗೊತ್ತಾಗಬೇಕು? ಆದರೆ ನಮ್ಮಲ್ಲಿ ದಾರಿ ಹೇಳೋದೇ ಹಾಗೆ. ಈಗ ಇರೋದಕ್ಕಿಂತ ಹಿಂದೆ ಇದ್ದದ್ದೇ ಗಟ್ಟಿ ಗುರುತು. ಕೊನೆಗೆ ಒಂದು ಸಮಾಧಾನ: ‘ಇಲ್ಲೇ, ಹತ್ರಾನೇ. ನಡಕೊಂಡೇ ಹೋಗಬಹುದು.’

ನಾನೂ ಇದೇ ಗುಂಪಿನವಳು. ಹೋದ ವರ್ಷ ಒಂದು ಬೆಳಿಗ್ಗೆ ಹೊಸಿಲು ತೊಳೆಯುತ್ತಿದ್ದಾಗ ಗೇಟಿನ ಮುಂದೆ ಟೆಂಪೊ ಬಂದು ನಿಂತಿತು. ತುಂಬಾ ಜನ, ರೇಷ್ಮೆ ಸೀರೆ, ಮಲ್ಲಿಗೆ. ಯಾವುದೋ ಛತ್ರದ ಹೆಸರು ಕೇಳಿದರು. ನನಗೆ ಗೊತ್ತಿರಲಿಲ್ಲ. ಆದರೆ ಅಷ್ಟೊಂದು ಜನ ಆಸೆಯಿಂದ ಮುಖ ನೋಡುತ್ತಿರುವಾಗ ಇಲ್ಲ ಅನ್ನೋದು ಹೇಗೆ? ಬಲಗಡೆ ಕೈ ತೋರಿಸಿದೆ. ಕಾಲು ಗಂಟೆಗೆ ಅದೇ ಟೆಂಪೊ ವಾಪಸ್ ಬಂತು. ಕಿಟಕಿಯಿಂದ ಒಬ್ಬ ಅಜ್ಜಿ ತಲೆ ಹೊರಗೆ ಹಾಕಿ ಗದರಿದರು:

‘ಅಲ್ಲ ಕಣವ್ವಾ, ಮದ್ವೆಗ್ ಓಗೋರ್ನ ಸುಡುಗಾಡಿಗೆ ಕಳಿಸ್ಬುಟ್ಯಲ್ಲ!’

ಟೆಂಪೊ ಪೂರ್ತಿ ನಗು. ನಾನು ಪೊರಕೆ ಹಿಡಿದು ತಲೆ ತಗ್ಗಿಸಿ ನಿಂತೆ. ಅಜ್ಜಿ ಅಷ್ಟಕ್ಕೆ ಬಿಡಲಿಲ್ಲ. ‘ವೋಗ್ಲಿ ಬಿಡು, ನೀನೂ ಅತ್ತು. ನಮ್ ಜೊತೇಲೇ ಉಂಡ್ಕೊಂಡ್ ಬರೀವಂತೆ’ ಅಂದರು. ಮಾತಿನಲ್ಲೇ ಗೊತ್ತಾಯಿತು, ಮಂಡ್ಯದ ಕಡೆಯವರು. ನನ್ನ ತವರೂ ಮದ್ದೂರಿನ ಹತ್ತಿರದ ಹಳ್ಳಿ. ಆ ಬೈಗುಳ ಕೇಳಿ ಅಮ್ಮನ ದನಿ ಕೇಳಿದ ಹಾಗಾಯಿತು.

ನಮ್ಮ ಕಡೆ ಮೂರು ಊರಿಗೆ ಮೂರು ಹಣೆಪಟ್ಟಿ ಅಂಟಿಸಿಬಿಟ್ಟಿದ್ದೇವೆ. ಮೈಸೂರಿನವರು ಬಲು ಮರ್ಯಾದಸ್ಥರು, ಆದರೆ ಉಪಚಾರ ಎಲ್ಲಾ ಬಾಯಲ್ಲೇ. ಮಂಡ್ಯದವರ ಬಾಯಿ ಒರಟು, ಮನಸ್ಸು ಬೆಲ್ಲ. ಬೆಂಗಳೂರಿನವರಿಗೆ ಬಾಯೂ ಇಲ್ಲ, ಮನಸ್ಸೂ ಇಲ್ಲ, ಇರೋದು ಟ್ರಾಫಿಕ್ ಮಾತ್ರ. ಮೂರೂ ಊರಿನ ಅನ್ನ ತಿಂದವಳು ನಾನು. ಹಾಗಾಗಿ ಮೂರರ ಬಗ್ಗೆಯೂ ಕೊಂಕು ಆಡುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ಮೈಸೂರಿನ ಮೇಲಿರುವ ಆರೋಪದಲ್ಲಿ ಸ್ವಲ್ಪ ನಿಜ ಇಲ್ಲದೆ ಇಲ್ಲ. ನಮ್ಮ ಬೀದಿಯಲ್ಲಿ ಸಂಜೆ ವಾಕಿಂಗ್ ಹೊರಟರೆ ನಾಲ್ಕು ಗೇಟಿನಿಂದ ಕರೆ ಬರುತ್ತದೆ. ‘ಬನ್ನಿ ಒಳಗೆ, ಕಾಫಿ ಕುಡಿದು ಹೋಗುವಿರಂತೆ.’ ಕರೆಯುವ ದನಿಯಲ್ಲಿ ಸುಳ್ಳಿಲ್ಲ. ಆದರೆ ಗೇಟಿನ ಚಿಲಕದ ಮೇಲಿಟ್ಟ ಕೈ ಮಾತ್ರ ಕದಲುವುದಿಲ್ಲ. ನಾವೂ ‘ಈಗ ತಾನೇ ಆಯ್ತು, ಇನ್ನೊಂದು ಸಲ ಬರ್ತೀನಿ’ ಅನ್ನಬೇಕು. ಅದು ಆಟದ ನಿಯಮ. ಮದುವೆಯಾಗಿ ಬಂದ ಹೊಸತರಲ್ಲಿ ನನಗಿದು ಗೊತ್ತಿರಲಿಲ್ಲ. ಕರೆದರಲ್ಲ ಅಂತ ಒಳಗೆ ಹೋಗಿ ಕೂತುಬಿಟ್ಟೆ. ಪಾಪ, ಆಕೆ ಒಳಗೆ ಓಡಿ ಹಿಂದಿನ ಬಾಗಿಲಿನಿಂದ ಮಗನನ್ನು ಹಾಲು ತರಲು ಕಳಿಸಿದ ಸದ್ದು ನನಗೆ ಚೆನ್ನಾಗಿ ಕೇಳಿಸಿತು.

ಈ ನಯಕ್ಕೆ ನಾನೊಂದು ಕಾರಣ ಹುಡುಕಿಟ್ಟುಕೊಂಡಿದ್ದೇನೆ. 1831ರಲ್ಲಿ ಬ್ರಿಟಿಷರು ಸಂಸ್ಥಾನದ ಆಡಳಿತವನ್ನು ತಾವೇ ವಹಿಸಿಕೊಂಡು ಕಚೇರಿಗಳನ್ನು ಬೆಂಗಳೂರಿಗೆ ಒಯ್ದರು. ಕಡತ, ಗುಮಾಸ್ತರು, ಅವಸರ ಎಲ್ಲಾ ಗಾಡಿ ಹತ್ತಿ ಹೋದವು. ಇಲ್ಲಿ ಉಳಿದದ್ದು ಅರಮನೆ ಮತ್ತು ಅದರ ನಯವಿನಯ. ಅಂದರೆ ಮರ್ಯಾದೆ ನಮಗೆ ಬಂತು, ಕೆಲಸ ಅವರಿಗೆ ಹೋಯಿತು. ಇತಿಹಾಸ ಓದಿದವರು ಒಪ್ಪಲಿಕ್ಕಿಲ್ಲ. ನನಗಂತೂ ಇದು ಸಾಕು.

ಆದರೆ ಮಂಡ್ಯದ ಲೆಕ್ಕಕ್ಕೆ ಬಂದರೆ ಈ ಕಾರಣ ನಿಲ್ಲುವುದಿಲ್ಲ. 1939ರವರೆಗೆ ಮಂಡ್ಯ ಮೈಸೂರು ಜಿಲ್ಲೆಯಲ್ಲೇ ಇತ್ತು. ಜಿಲ್ಲೆ ಬೇರೆಯಾದ ದಿನ ನಾಲಿಗೆಯೂ ಬೇರೆಯಾಯಿತೇ? ಅಲ್ಲ. ನಮ್ಮೂರಿನಲ್ಲಿ ಅಪರಿಚಿತ ಅನ್ನುವ ಮನುಷ್ಯನಿಗೆ ಹೆಚ್ಚು ಹೊತ್ತು ಬಾಳಿಕೆಯೇ ಇಲ್ಲ, ಅಷ್ಟೇ. ಬಸ್ ಇಳಿದವನು ಅರಳಿಕಟ್ಟೆ ದಾಟುವುದರೊಳಗೆ ‘ಯಾವೂರು, ಯಾರ ಮನೆಗೆ, ಯಾರ ಮಗ’ ಮೂರೂ ಮುಗಿದಿರುತ್ತದೆ. ನಾಲ್ಕನೇ ಪ್ರಶ್ನೆಗೆ ಅವನು ದೂರದ ನೆಂಟನಾಗಿರುತ್ತಾನೆ. ನೆಂಟ ಆದಮೇಲೆ ಬೈಯೋಕೆ ಏನು ಅಡ್ಡಿ? ಆಲೆಮನೆ ಓಡುವ ದಿನಗಳಲ್ಲಿ ದಾರಿಹೋಕರನ್ನು ಕೂಗಿ ಕರೆದು ಕಬ್ಬಿನ ಹಾಲು ಕೊಡುತ್ತಿದ್ದರು. ಎರಡನೇ ಲೋಟ ಬೇಡ ಅಂದರೆ ‘ಯಾಕೆ, ನಮ್ ಕಬ್ಬು ಸಪ್ಪಗದಾ?’ ಅಂತ ಜಗಳ. ಬಿಸಿ ಬೆಲ್ಲವನ್ನು ಎಲೆಯಲ್ಲಿ ಸುತ್ತಿ ಕೈಗಿಟ್ಟೇ ಕಳಿಸುತ್ತಿದ್ದರು.

ಚೆನ್ನಾಗಿದೆ ಅಲ್ವಾ? ಕೇಳೋಕೆ ಚೆನ್ನಾಗಿದೆ. ಇಪ್ಪತ್ತೈದು ವರ್ಷದ, ಮದುವೆಯಾಗದ, ಕೆಲಸ ಹುಡುಕುತ್ತಿದ್ದ ಹುಡುಗಿಯಾಗಿ ಅದೇ ಅರಳಿಕಟ್ಟೆಯ ಮುಂದೆ ದಿನಾ ನಡೆದು ನೋಡಿ. ‘ಇನ್ನೂ ಆಗ್ಲಿಲ್ವಾ?’ ಅನ್ನುವ ಪ್ರೀತಿಯ ಪ್ರಶ್ನೆಗೆ ದಿನಕ್ಕೆ ಆರು ಸಲ ಉತ್ತರ ಕೊಟ್ಟು ನೋಡಿ. ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಒಂದು ಸಣ್ಣ ರೂಮು ಹಿಡಿದಾಗ ಮೊದಲ ವಾರ ಅತ್ತಿದ್ದು ನಿಜ. ಮೆಟ್ಟಿಲ ಮೇಲೆ ಸಿಕ್ಕವರು ಮುಖ ಎತ್ತಿ ನೋಡುತ್ತಿರಲಿಲ್ಲ. ಎಂಥ ಕಲ್ಲು ಜನ ಅಂದುಕೊಂಡೆ. ಮೂರನೇ ತಿಂಗಳಿಗೆ ಹೊಳೆಯಿತು: ನಾನು ಎಷ್ಟು ಹೊತ್ತಿಗೆ ಬಂದೆ, ಏನು ತಿಂದೆ, ಯಾರ ಮಗಳು, ಯಾಕೆ ಒಬ್ಬಳೇ ಅಂತ ಯಾರೂ ಕೇಳುತ್ತಿಲ್ಲ. ಎಷ್ಟು ಹಗುರ ಅನ್ನಿಸಿತು! ಕೇಳದೆ ಇರುವುದೂ ಒಂದು ಉಪಕಾರ. ಅದನ್ನು ನಮ್ಮೂರಿನವರಿಗೆ ಹೇಳಿದರೆ ‘ಪ್ಯಾಟೆ ನೀರು ಕುಡಿದು ಕೆಟ್ಟೋದ್ಳು’ ಅಂತಾರೆ.

ಜಗತ್ತಿನ ದೊಡ್ಡ ಊರುಗಳ ಜನ ಅಪರಿಚಿತರಿಗೆ ಎಷ್ಟು ಆಗುತ್ತಾರೆ ಅಂತ ನಿಜವಾಗಿಯೂ ಅಳೆದು ನೋಡಿದವರಿದ್ದಾರೆ. ರಾಬರ್ಟ್ ಲೆವೀನ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು 23 ದೇಶಗಳ ಒಂದೊಂದು ದೊಡ್ಡ ಊರಿನಲ್ಲಿ ಈ ಕೆಲಸ ಮಾಡಿದರು. ಫಲಿತಾಂಶ 2001ರಲ್ಲಿ ಅಚ್ಚಾಯಿತು. ಮಾಡಿದ್ದು ಸರಳ. ಬೇಕೆಂದೇ ಪೆನ್ ಬೀಳಿಸಿ, ಗೊತ್ತಿಲ್ಲದವರ ಹಾಗೆ ಮುಂದೆ ನಡೆಯೋದು. ಕಾಲಿಗೆ ಪಟ್ಟಿ ಕಟ್ಟಿಕೊಂಡು, ಬಿದ್ದ ಪತ್ರಿಕೆಗಳನ್ನು ಎತ್ತಲಾಗದೆ ಒದ್ದಾಡೋದು. ಕುರುಡರ ಹಾಗೆ ಕೋಲು ಹಿಡಿದು ರಸ್ತೆ ದಾಟಲು ನಿಲ್ಲೋದು. ಎಷ್ಟು ಜನ ನೆರವಿಗೆ ಬಂದರು ಅಂತ ಎಣಿಸೋದು. ಬ್ರೆಜಿಲ್‌ನ ರಿಯೋ ಮೊದಲು ಬಂತು. ನಮ್ಮ ಕೋಲ್ಕತ್ತಾ ಮೊದಲ ಐದರಲ್ಲಿತ್ತು. ನ್ಯೂಯಾರ್ಕ್ ಕೊನೆಯಿಂದ ಎರಡನೆಯದು, ಕ್ವಾಲಾಲಂಪುರ ಕೊನೆಯದು. ಅವಸರದ ಊರಿನವರೇ ಕೆಟ್ಟವರು ಅನ್ನೋಣ ಅಂದರೆ ಅದಕ್ಕೂ ಬಿಡಲಿಲ್ಲ. ಸರಸರ ನಡೆಯುವ ವಿಯೆನ್ನಾದವರೂ ಮೇಲಿನ ಐದರಲ್ಲೇ ಇದ್ದರು.

ನನಗೆ ಹಿಡಿಸಿದ್ದು ಅಂಕಿ ಅಲ್ಲ, ಪೆನ್ ಕೊಟ್ಟ ರೀತಿ. ರಿಯೋದಲ್ಲಿ ಪೆನ್ ಎತ್ತಿಕೊಂಡು ಹಿಂದೆ ಓಡಿ ಬಂದು ಕೈಗೆ ಕೊಟ್ಟವರಿದ್ದರಂತೆ. ನ್ಯೂಯಾರ್ಕಿನ ಒಳ್ಳೆಯವರು ‘ಪೆನ್ ಬಿತ್ತು’ ಅಂತ ಕೂಗಿ ತಮ್ಮ ದಾರಿ ಹಿಡಿದು ಹೋದರಂತೆ. ಮೈಸೂರಿನಲ್ಲಿ ಯಾರಾದರೂ ಪೆನ್ ಬೀಳಿಸಿದ್ದರೆ? ಎತ್ತಿ ಒರೆಸಿ ಕೊಟ್ಟು, ‘ಈಗ ಇಂಥ ಪೆನ್ ಬರೋದೇ ಇಲ್ಲ’ ಅಂತ ಹತ್ತು ನಿಮಿಷ ನಿಲ್ಲಿಸಿಕೊಳ್ಳುತ್ತಿದ್ದರು. ಮಂಡ್ಯದಲ್ಲಿ ‘ಕಣ್ ಕಾಣಾಕಿಲ್ವಾ ಸಾ?’ ಅಂತ ಕೇಳಿಯೇ ಕೊಡುತ್ತಿದ್ದರು. ಬೆಂಗಳೂರಿನ ಬಗ್ಗೆ ನನಗೆ ಒಂದು ಕೊಡೆಯ ಸಾಕ್ಷಿ ಇದೆ. ಕೆಂಗೇರಿ ಸ್ಟೇಷನ್ನಿನ ಬೆಂಚಿನ ಮೇಲೆ ಒಂದು ಸಂಜೆ ಮರೆತು ಬಂದಿದ್ದೆ. ಯಾರೂ ಕೂಗಲಿಲ್ಲ, ಯಾರೂ ಓಡಿ ಬರಲಿಲ್ಲ. ಮಾರನೇ ದಿನ ನೋಡಿದರೆ, ಕೊಡೆಯನ್ನು ನೀಟಾಗಿ ಮಡಿಸಿ ಪಕ್ಕದ ಕಂಬಿಗೆ ನೇತುಹಾಕಿದ್ದರು. ಲೆವೀನ್ ಅವರು ಇದನ್ನು ಯಾವ ಕಾಲಂನಲ್ಲಿ ಬರೆದುಕೊಳ್ಳುತ್ತಿದ್ದರೋ.

ಮದುವೆಯಾದ ಮೇಲೆ ಏಳು ವರ್ಷ ಮೈಸೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡಿದೆ. ಪಾಸ್‌ನವರು ಅಂತಾರೆ ನಮ್ಮನ್ನು. ಈ ಹಣೆಪಟ್ಟಿಗಳೆಲ್ಲ ಉದುರಿದ್ದು ಅಲ್ಲೇ. ಮೈಸೂರು ಸ್ಟೇಷನ್ನಿನಲ್ಲಿ ಹತ್ತುವಾಗ ‘ನೀವು ಕೂತ್ಕೊಳ್ಳಿ’, ‘ಛೆ, ಪರವಾಗಿಲ್ಲ, ನೀವು ಕೂತ್ಕೊಳ್ಳಿ’. ರೈಲು ಶ್ರೀರಂಗಪಟ್ಟಣ ದಾಟುವ ಹೊತ್ತಿಗೆ ಅದೇ ಮರ್ಯಾದಸ್ಥರು ಖಾಲಿ ಸೀಟಿನ ಮೇಲೆ ಕರ್ಚೀಫು ಹಾಕಿ, ‘ಇಲ್ಲಿ ಜನ ಇದ್ದಾರೆ’ ಅನ್ನುತ್ತಿದ್ದರು. ನಾನೂ ಹಾಕಿದ್ದೇನೆ. ಮಂಡ್ಯದಲ್ಲಿ ಒಂದು ಹಿಂಡು ಹತ್ತುತ್ತಿತ್ತು. ‘ಒಸಿ ಜರುಗಿ ಮೇಡಂ, ನಾವೂ ಕಾಸ್ ಕೊಟ್ಟೇ ಬಂದಿರಾದು!’ ಕರ್ಚೀಫು ಮಡಿಲಿಗೆ ಬರುತ್ತಿತ್ತು. ಮೂವರ ಸೀಟಿನಲ್ಲಿ ಐವರು. ಮದ್ದೂರು ಬರುವಷ್ಟರಲ್ಲಿ ಜಗಳವಾಡಿದವರೇ ಒಂದೇ ಪೇಪರಿನಲ್ಲಿ ವಡೆ ಮುರಿದು ತಿನ್ನುತ್ತಿದ್ದೆವು. ಯಾರ ಮಗನಿಗೆ ಎಷ್ಟು ಮಾರ್ಕ್ಸು, ಯಾರ ಅತ್ತೆಗೆ ಮಂಡಿ ನೋವು, ಎಲ್ಲಾ ಹೊರಗೆ. ಬಿಡದಿ ದಾಟಿದರೆ ಮಾತು ನಿಲ್ಲುತ್ತಿತ್ತು. ಒಬ್ಬೊಬ್ಬರೂ ವಾಚು ನೋಡಿಕೊಂಡು ಎದ್ದು ಬಾಗಿಲ ಹತ್ತಿರ ಹೋಗುತ್ತಿದ್ದರು. ಬೆಂಗಳೂರಿನಲ್ಲಿ ಇಳಿದ ಮೇಲೆ ಯಾರಿಗೆ ಯಾರೂ ‘ಬರ್ತೀನಿ’ ಅಂತಲೂ ಅನ್ನುತ್ತಿರಲಿಲ್ಲ. ಸುಮಾರು 140 ಕಿಲೋಮೀಟರು. ಅದೇ ಜನ.

ಹೋದ ದಸರಾದಲ್ಲಿ ಒಂದು ಸಂಜೆ ಅತ್ತೆಯ ಕಣ್ಣಿನ ಡ್ರಾಪ್ಸ್ ತರಲು ಹೊರಟೆ. ಅರ್ಧ ರಸ್ತೆ ಒನ್‌ವೇ ಆಗಿತ್ತು. ಆಟೋಗಳು ಬರುವುದಿಲ್ಲ ಅಂದವು. ಕೆ.ಆರ್. ಸರ್ಕಲ್ ಹತ್ತಿರ ಜನರ ನಡುವೆ ನುಗ್ಗಿ ಬರುತ್ತಿದ್ದೆ. ಮನೆಯಿಂದ ಫೋನು ಬೇರೆ ಬಡಿದುಕೊಳ್ಳುತ್ತಿತ್ತು. ಎದುರಿಗೆ ಒಂದು ಸಂಸಾರ, ಅಪ್ಪನ ಹೆಗಲ ಮೇಲೆ ಮಗು. ‘ಆಂಟಿ, ಲೈಟಿಂಗ್ ನೋಡೋಕೆ ಯಾವ ಕಡೆಯಿಂದ ಹೋದ್ರೆ ಒಳ್ಳೇದು?’ ಅಂತ ಆ ಹೆಂಗಸು ನಗುತ್ತಾ ಕೇಳಿದಳು. ನಾನು ನಿಲ್ಲಲೂ ಇಲ್ಲ. ‘ಎಲ್ಲಾ ಕಡೆನೂ ಇದೆ, ಮ್ಯಾಪ್ ಹಾಕ್ಕೊಂಡು ನೋಡ್ಕೊಳ್ಳಿ’ ಅಂದು ಮುಂದೆ ಹೋದೆ.

ಹಿಂದಿನಿಂದ ಅವಳ ಮಾತು ಸ್ಪಷ್ಟವಾಗಿ ಕೇಳಿಸಿತು. ‘ಮೈಸೂರಿನೋರು ಒಳ್ಳೇವ್ರಂತೆ ಅಂತಿದ್ರಿ?’

ಕಿವಿ ಬಿಸಿಯಾಯಿತು. ತಿರುಗಿ ಹೋಗಿ, ‘ನಾನು ಮೈಸೂರಿನವಳಲ್ಲಮ್ಮಾ, ಮಂಡ್ಯದ ಕಡೆಯವಳು’ ಅಂತ ಹೇಳಿಬಿಡೋಣ ಅನ್ನಿಸಿತು. ಒಂದು ಹೆಜ್ಜೆ ಹಿಂದೆ ಇಟ್ಟೂಬಿಟ್ಟಿದ್ದೆ. ಆಮೇಲೆ, ಆ ಊರಿನ ಹೆಸರನ್ನೂ ಯಾಕೆ ಕೆಡಿಸೋದು ಅಂತ ಸುಮ್ಮನೆ ಮೆಡಿಕಲ್ ಶಾಪಿನ ಕಡೆ ನಡೆದೆ.