ಸ್ಟೀಲ್ ಕಂಬದ ತ್ರಿಭಂಗಿ

ತುಮಕೂರಿನ ಕೆರೆ ಏರಿಯ ಮೇಲೆ ನಿಂತು ನೀರು ನೋಡಿದ್ದಷ್ಟೇ ಅನುಭವವಿದ್ದ ನಾನು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ 27 ಅಡಿಯ ಹಳೆಯ ಹಾಯಿದೋಣಿಯನ್ನು ಕೊಂಡದ್ದು ಮೊದಲ ತಪ್ಪು. ಬೇಸಿಗೆಯ ಮಧ್ಯಾಹ್ನ ಗೋಲ್ಡನ್ ಗೇಟ್ ಸಂದಿನಿಂದ ನುಗ್ಗುವ 20 ನಾಟ್ (ಗಂಟೆಗೆ ಸುಮಾರು 37 ಕಿ.ಮೀ.) ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಅದನ್ನು ನಿಲುಗಡೆಗೆ ತರಲು ಹೋದದ್ದು ಎರಡನೆಯದು. ರಿವರ್ಸ್ ಹಾಕಿದ್ದೇನೆಂದು ನಾನು ನಂಬಿದ್ದೆ, ಗೇರು ನ್ಯೂಟ್ರಲ್‌ನಲ್ಲಿತ್ತು. ದೋಣಿ ಮರದ ದಿಮ್ಮಿಯೊಂದನ್ನು ಉಜ್ಜಿ ನಿಂತಾಗ, ನಾವು ನೀರಿಗೆ ಬೀಳದಂತೆ ಡೆಕ್ಕಿನ ಅಂಚಿನಲ್ಲಿ ತಂತಿ ಹಿಡಿದು ನಿಲ್ಲುವ ಒಂದಂಗುಲದ ಸ್ಟೀಲ್ ಕಂಬ, ಅಂದರೆ ಸ್ಟ್ಯಾಂಚನ್, ಮಾವನ ಮನೆಯ ಹಿರಿಯರೆದುರು ನಿಂತ ಹೊಸ ಅಳಿಯನಂತೆ ಬಾಗಿತ್ತು.

ದಾವಣಗೆರೆಯಲ್ಲಿ ಗೇಟು, ಗ್ರಿಲ್ಲುಗಳ ವರ್ಕ್‌ಶಾಪ್ ಇಟ್ಟಿರುವ ಭಾವನಿಗೆ ವಿಡಿಯೊ ಕರೆ ಮಾಡಿದೆ.

"ಇಷ್ಟಕ್ಕೆ ಯಾಕಪ್ಪಾ ಯೋಚನೆ? ಮೇಲಿಂದ ದಪ್ಪ ಪೈಪ್ ತೂರಿಸಿ ಒಂದು ಸಲ ಜಗ್ಗು, ಬರುತ್ತೆ" ಎಂದರು.

"ಭಾವ, ಇದು ಸ್ಟೇನ್‌ಲೆಸ್."

"ಯಾವುದಾದರೇನು, ಎಲ್ಲಾ ಕಬ್ಬಿಣವೇ."

ಉಪ್ಪುನೀರನ್ನು ತಾಳಲೆಂದು ಶೇ. 2ರಿಂದ 3ರಷ್ಟು ಮಾಲಿಬ್ಡಿನಂ ಬೆರೆಸಿದ 316 ದರ್ಜೆಯ ಈ ಸ್ಟೀಲು ಬಾಗಿದ ಜಾಗದಲ್ಲೇ ಇನ್ನಷ್ಟು ಗಡುಸಾಗುತ್ತದೆಂಬುದು ಜಗ್ಗಿದ ಮೇಲೆ ತಿಳಿಯಿತು. ಹಳೆಯ ಸೊಟ್ಟು ಕದಲಲೇ ಇಲ್ಲ. ಅದರ ಕೆಳಗೆ ಮೆತ್ತಗಿದ್ದ ಭಾಗ ಎದುರು ದಿಕ್ಕಿಗೆ ಮಣಿಯಿತು. ಕಂಬದ ತುದಿ ತಂತಿಯ ಸಾಲಿಗೇನೋ ಬಂತು, ಆದರೆ ಒಟ್ಟು ಆಕೃತಿ ತ್ರಿಭಂಗಿಯಲ್ಲಿ ನಿಂತ ವೇಣುಗೋಪಾಲನದು. ಫೋಟೊ ನೋಡಿದ ಭಾವ, "ಕೊಳಲೊಂದು ಕಡಿಮೆ" ಎಂದರು.

ಆ ಜಗ್ಗಾಟಕ್ಕೆ ಬುಡದ ತಟ್ಟೆಯೂ ಸಡಿಲಗೊಂಡು, ಡೆಕ್ ತೊಳೆದಾಗಲೆಲ್ಲ ನೀರು ಕೆಳಗಿನ ಹಾಸಿಗೆಯ ಮೇಲೆ, ಕರಾರುವಾಕ್ಕಾಗಿ ನನ್ನ ದಿಂಬಿಗೇ, ತೊಟ್ಟಿಕ್ಕತೊಡಗಿತು. ಬಿಟ್ಟರೆ ಡೆಕ್ಕಿನೊಳಗಿನ ಮರ ಕೊಳೆಯುತ್ತದೆಂದು ಹೊಸ ಕಂಬ ತರಿಸಿ ಬುಡವನ್ನು ಬಿಚ್ಚಲು ಕುಳಿತೆವು. ನಾಲ್ಕು ಬೋಲ್ಟುಗಳ ನಟ್ಟುಗಳಿದ್ದದ್ದು ತಲೆ ಮತ್ತು ಒಂದು ತೋಳು ಮಾತ್ರ ಹಿಡಿಸುವ ಗೂಡಿನಲ್ಲಿ. ನಾನು ಒಳಗೆ ಸ್ಪ್ಯಾನರ್ ಹಿಡಿದಿದ್ದೆ. ಹೆಂಡತಿ ಮೇಲೆ ಸ್ಕ್ರೂಡ್ರೈವರ್ ಒತ್ತಿ ಹಿಡಿದಿದ್ದಳು.

"ತಿರುಗ್ತಾ ಇದೆಯೇನೇ?" ಎಂದು ಕೂಗಿದೆ.

"ಆಗಲಿಂದಲೂ ತಿರುಗ್ತಾ ಇದೆ. ನೀವು ತಿರುಗಿಸಿದ ಹಾಗೆಲ್ಲ ಇದೂ ಜೊತೆಗೇ ತಿರುಗುತ್ತೆ ರೀ" ಎಂದಳು.

ಮೂರು ಗಂಟೆಯ ಬಳಿಕ, ನೀರು ಸೋರದಂತೆ ಸಂದು ಮುಚ್ಚುವ, ಹಲಸಿನ ಮೇಣದಂತೆ ಕೈ ಬಿಡದ ಬ್ಯುಟೈಲ್ ಟೇಪನ್ನು ಬೋಲ್ಟುಗಳ ಸುತ್ತ ಮೆತ್ತಿ, ಹೊಸ ಕಂಬವನ್ನು ನಿಲ್ಲಿಸಿದೆವು. ದಿಂಬು ಈಗ ಒಣಗಿದೆ. ವೇಣುಗೋಪಾಲನನ್ನು ಹಿತ್ತಲಿನಲ್ಲಿ ನೆಟ್ಟಿದ್ದೇವೆ. ತುಕ್ಕು ಹಿಡಿಯುವ ಭಯವಿಲ್ಲದ ಆ ದುಬಾರಿ ಕಂಬಕ್ಕೆ ಅವರೆ ಬಳ್ಳಿ ಆಗಲೇ ಎರಡು ಸುತ್ತು ಸುತ್ತಿದೆ.