ದಿನಸಿ ಖರ್ಚು: ಆಫರ್ ಅಲ್ಲ, ಸುಗ್ಗಿ ನೋಡಿ

ಬಂಗಾರಪೇಟೆಯಲ್ಲಿ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಓಡುವವರಿಗೆ, ನರಸಾಪುರದ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ರಾತ್ರಿ ಮನೆ ಸೇರುವವರಿಗೆ "ನಾಲ್ಕು ಅಂಗಡಿ ಸುತ್ತಿ ದರ ವಿಚಾರಿಸಿ" ಅಂತ ಬುದ್ಧಿ ಹೇಳಿದರೆ ಅದು ಗೇಲಿ ಮಾಡಿದ ಹಾಗೆ. ಸುತ್ತಬೇಕಾಗಿಯೂ ಇಲ್ಲ. ಒಂದೇ ಊರಿನ ಎರಡು ಅಂಗಡಿಗಳ ನಡುವೆ ಬೇಳೆಗೆ ಕೆಜಿಗೆ ಐದಾರು ರೂಪಾಯಿ ಹೆಚ್ಚುಕಮ್ಮಿ ಇರಬಹುದು, ಅಷ್ಟೇ. ಅದೇ ಹುಣಸೆಹಣ್ಣನ್ನು ಮಾರ್ಚಿಯಲ್ಲಿ ತಗೊಳ್ಳೋದಕ್ಕೂ ನವೆಂಬರಿನಲ್ಲಿ ಪಾಕೆಟ್ ಒಡೆಯೋದಕ್ಕೂ ಇರುವ ಅಂತರ ನೋಡಿ. ರಾಗಿ, ಕಡಲೆಕಾಯಿ, ಹುಣಸೆ, ಅವರೆ, ಟೊಮೆಟೊ ಎಲ್ಲವೂ ಕೋಲಾರ ಜಿಲ್ಲೆಯಲ್ಲೇ ಬೆಳೆಯುತ್ತೆ. ನಾವು ಮಾತ್ರ ಅರ್ಧ ಕೆಜಿ ಪಾಕೆಟ್ಟಿನಲ್ಲಿ ತಂದು ತಿನ್ನುತ್ತೇವೆ.

ರಾಗಿಯಿಂದ ಶುರು ಮಾಡೋಣ. ಒಂದು ಮುದ್ದೆಗೆ ಸುಮಾರು 90 ಗ್ರಾಂ ಹಿಟ್ಟು ಬೇಕು. ನಾಲ್ಕು ಜನ ದಿನಕ್ಕೊಂದು ಹೊತ್ತು ಮುದ್ದೆ ಉಂಡರೆ ತಿಂಗಳಿಗೆ 11 ಕೆಜಿ, ವರ್ಷಕ್ಕೆ 130 ಕೆಜಿ. ಕೊಯ್ಲು ನವೆಂಬರ್, ಡಿಸೆಂಬರಿನಲ್ಲಿ. ಕಣ ಮುಗಿಯೋದು ಜನವರಿಗೆ. ಆಗ ರೈತರ ಹತ್ತಿರ ನೇರವಾಗಿ ಎರಡು ಮೂಟೆ ಹಾಕಿಸಿಕೊಂಡರೆ ಮುಗೀತು. ದರ ಸರಿಯಿದೆಯಾ ಅಂತ ನೋಡಲು ಬೆಂಬಲ ಬೆಲೆಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ: 2025-26ಕ್ಕೆ ಕ್ವಿಂಟಾಲಿಗೆ 4886 ರೂಪಾಯಿ, ಅಂದರೆ ಕೆಜಿಗೆ 49ರ ಹತ್ತಿರ. ಇದಕ್ಕೆ ಮಿಲ್ಲಿನ ಕೂಲಿ ಸೇರಿಸಿ, ನೀವು ತರುವ ಹಿಟ್ಟಿನ ಪಾಕೆಟ್ಟಿನ ಪಕ್ಕದಲ್ಲಿಟ್ಟು ನೋಡಿ. ಹೊಟ್ಟು, ಕಲ್ಲು, ಮಣ್ಣು ಹೋಗುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮೂಟೆಗೆ ಕೈಹಾಕಿ ತಳದಿಂದ ಒಂದು ಹಿಡಿ ತೆಗೆದು ಊದಿದರೆ ಎಷ್ಟು ಹಾರುತ್ತೆ ಅಂತ ಗೊತ್ತಾಗುತ್ತೆ.

ರಾಗಿಕಾಳು ವರ್ಷಗಟ್ಟಲೆ ಕೆಡಲ್ಲ, ಹಿಟ್ಟು ಕೆಡುತ್ತೆ. ಕಾಳಿನೊಳಗಿನ ಎಣ್ಣೆಯಂಶ ಬೀಸಿದ ಮೇಲೆ ಗಾಳಿಗೆ ಸಿಕ್ಕಿ ಕಮಟು ಹಿಡಿಯೋದೇ ಕಾರಣ. ಹಾಗಾಗಿ ಒಂದು ಸಲಕ್ಕೆ ಒಂದು ತಿಂಗಳದ್ದು ಮಾತ್ರ ಬೀಸಿಸಿ. ಮಳೆಗಾಲದಲ್ಲಿ 5 ಕೆಜಿ ಸಾಕು. ತೊಳೆದು ಒಣಗಿಸಿದ ರಾಗಿ ಆದರೆ ಕಾಳು ಹಲ್ಲಿಗೆ ಕಟುಕ್ ಅನ್ನುವ ತನಕ ಒಣಗಲಿ, ಎರಡು ದಿನದ ಒಳ್ಳೆ ಬಿಸಿಲು. ಹಸಿ ಉಳಿದರೆ ಹಿಟ್ಟು ವಾರದಲ್ಲೇ ಮುಗ್ಗುತ್ತೆ. ಇನ್ನೊಂದು ತಪ್ಪು ಎಲ್ಲರೂ ಮಾಡೋದು: ಮಿಲ್ಲಿನಿಂದ ಬಿಸಿಬಿಸಿಯಾಗಿ ಬಂದ ಹಿಟ್ಟನ್ನು ಹಾಗೇ ಡಬ್ಬಕ್ಕೆ ತುಂಬಿ ಮುಚ್ಚಳ ಹಾಕೋದು. ಒಳಗೆ ಬೆವರು ಕೂತು ಗಂಟಾಗುತ್ತೆ. ಅಗಲದ ತಟ್ಟೆಯಲ್ಲೋ ಬಟ್ಟೆ ಮೇಲೋ ಹರವಿ, ಪೂರ್ತಿ ಆರಿದ ಮೇಲೆ ತುಂಬಿ.

ಅಕ್ಕಿಗೆ ಬೇರೆ ಲೆಕ್ಕ. 2022ರ ಜುಲೈ 18ರಿಂದ, ಲೇಬಲ್ ಹಾಕಿ ಪ್ಯಾಕ್ ಮಾಡಿದ ಅಕ್ಕಿ, ಬೇಳೆ, ಹಿಟ್ಟಿಗೆ ಬ್ರ್ಯಾಂಡ್ ಇರಲಿ ಬಿಡಲಿ, 25 ಕೆಜಿವರೆಗೆ ಶೇ 5 ಜಿಎಸ್‌ಟಿ ಬಂತು. ಅದಕ್ಕೇ ಅಂಗಡಿಯಲ್ಲಿ 26 ಕೆಜಿ ಮೂಟೆ ಕಾಣಿಸಿಕೊಂಡಿದ್ದು. ಮೂಟೆ ಬೆಲೆಯನ್ನು 25ರಿಂದ ಭಾಗಿಸಿ ಹೋಲಿಸಿದರೆ ಲೆಕ್ಕ ತಪ್ಪುತ್ತೆ, ಚೀಲದ ಮೇಲಿನ ತೂಕ ಓದಿ. ಮೂಟೆಯಿಂದ ತೂಗಿ ಕೊಡುವ ಲೂಸ್ ಬೇಳೆಗೂ ಆ ತೆರಿಗೆ ಇಲ್ಲ. ಇನ್ನು ರೇಷನ್ ಅಕ್ಕಿ: ಅನ್ನಕ್ಕೆ ಒಗ್ಗಲ್ಲ ಅಂತ ಮಾರುವವರಿದ್ದಾರೆ. ಅದು ಕಾನೂನಿಗೆ ವಿರುದ್ಧ, ಮೇಲಾಗಿ ದಡ್ಡತನ. ದಪ್ಪ ಅಕ್ಕಿ ಇಡ್ಲಿ, ದೋಸೆಗೆ ಹೇಳಿ ಮಾಡಿಸಿದ್ದು. ಅದನ್ನು ಮಾರಿ ದುಡ್ಡು ಕೊಟ್ಟು ದೋಸೆ ಅಕ್ಕಿ ತರೋದು ಯಾವ ಸೀಮೆ ವ್ಯವಹಾರ?

ತೊಗರಿಬೇಳೆ ದಿನಕ್ಕೆ 100 ಗ್ರಾಂ ಹಿಡಿದರೆ ತಿಂಗಳಿಗೆ 3 ಕೆಜಿ. ಕಲಬುರಗಿ ಕಡೆಯ ಹೊಸ ತೊಗರಿ ಪೇಟೆಗೆ ಬರೋದು ಡಿಸೆಂಬರಿನಿಂದ ಫೆಬ್ರವರಿ. ಹೊಸ ಬೇಳೆ ಬಂದ ಮೇಲೆ ಆರು ತಿಂಗಳದ್ದು, 18 ಕೆಜಿ ತಂದಿಡಬಹುದು. ಒಂದು ವರ್ಷದ್ದು ಬೇಡ; ಅಷ್ಟು ದುಡ್ಡು ಒಟ್ಟಿಗೆ ಕಟ್ಟಿಹಾಕಿ, ಕೊನೇ ಎರಡು ತಿಂಗಳು ಹುಳ ಆರಿಸೋದೇ ಕೆಲಸವಾಗುತ್ತೆ. ಒಡೆದ ಬೇಳೆಗಿಂತ ಇಡೀ ಕಾಳಿಗೆ ಹುಳ ಬೇಗ: ಅಲಸಂದೆ, ಹೆಸರುಕಾಳು, ಕಡಲೆಕಾಳಿಗೆ ಹುಳ ಹೊಲದಲ್ಲೇ ಮೊಟ್ಟೆ ಇಟ್ಟಿರುತ್ತೆ, ನಿಮ್ಮ ಡಬ್ಬ ಎಷ್ಟೇ ಗಟ್ಟಿ ಇದ್ದರೂ ಅದು ಒಳಗಿಂದಲೇ ಹುಟ್ಟುತ್ತೆ. ಎರಡು ದಿನ ಬಿಸಿಲಿಗೆ ಹಾಕಿ, ನೆರಳಲ್ಲಿ ಆರಿಸಿ, ಡಬ್ಬದ ಕಂಠದ ತನಕ ತುಂಬಿ. ಬೇಳೆಗೆ ಕೆಜಿಗೆ ಒಂದು ಟೀ ಚಮಚ ಹರಳೆಣ್ಣೆ ಸವರಿಡುವ ಹಳೆ ಪದ್ಧತಿ ಈಗಲೂ ಕೆಲಸ ಮಾಡುತ್ತೆ. ಬೇಯಿಸುವಾಗ ತೊಳೆದರೆ ಹೋಗುತ್ತೆ. ಒಣಹಾಕಲು ಪುರುಸೊತ್ತಿಲ್ಲದವರು ಒಂದೊಂದು ಕೆಜಿಯ ಕವರನ್ನು ನಾಲ್ಕು ದಿನ ಫ್ರೀಜರ್‌ನಲ್ಲಿಟ್ಟು, ಹೊರಗೆ ತೆಗೆದು ತಂಪು ಪೂರ್ತಿ ಹೋದ ಮೇಲೆ ಬಿಚ್ಚಲಿ. ತಣ್ಣಗಿರುವಾಗಲೇ ಬಿಚ್ಚಿದರೆ ನೀರು ಕೂರುತ್ತೆ. ಮತ್ತೆ, ತಳದಲ್ಲಿ ಹಳೇದು ಇರುವ ಡಬ್ಬಕ್ಕೆ ಮೇಲಿಂದ ಹೊಸದು ಸುರಿಯಬೇಡಿ. ನುಸಿ ಹಬ್ಬೋದೇ ಹಾಗೆ. ರವೆ, ಮೈದಾ, ಕಡಲೆಹಿಟ್ಟು ಯಾವ ಕಾಲಕ್ಕೂ ತಿಂಗಳಿಗಿಂತ ಹೆಚ್ಚು ತರಬೇಡಿ.

ಟೊಮೆಟೊ ವಿಷಯಕ್ಕೆ ಬಂದರೆ, ದೇಶಕ್ಕೆಲ್ಲ ಕಳಿಸುವ ಎಪಿಎಂಸಿ ಮಾರುಕಟ್ಟೆ ಪಕ್ಕದಲ್ಲೇ ಇಟ್ಟುಕೊಂಡು ನಾವು ಬೆಲೆಗೆ ಬೆಚ್ಚಿಬೀಳೋದು ತಮಾಷೆ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ 2000 ರೂಪಾಯಿ ದಾಟಿತ್ತು. ಅದೇ ಬಾಕ್ಸನ್ನು ಕೂಲಿ, ಬಾಡಿಗೆ ಹುಟ್ಟದೆ ರಸ್ತೆಗೆ ಸುರಿದದ್ದನ್ನೂ ಈ ಜಿಲ್ಲೆ ನೋಡಿದೆ. ನಾಟಿ ಮಾಡಿದ ಎರಡು ಎರಡೂವರೆ ತಿಂಗಳಿಗೆ ಕೊಯ್ಲಿಗೆ ಬರುವ, ಕೂಡಿಡಲಾಗದ ಬೆಳೆ. ರೇಟು ಬಂತು ಅಂತ ಎಲ್ಲರೂ ಹಾಕಿದರೆ ಒಟ್ಟಿಗೇ ಬಂದು ಬೀಳುತ್ತೆ. ಬಿದ್ದಾಗ ಮೂರು ಮನೆಯವರು ಸೇರಿ ಒಂದು ಬಾಕ್ಸ್ ತಗೊಳ್ಳಿ, ಮನೆಗೆ 5 ಕೆಜಿ. ಬಾಕ್ಸಿನ ಮೇಲಿನ ಸಾಲು ನೋಡಿ ಮೋಸ ಹೋಗಬೇಡಿ, ತಳದ್ದು ಸಣ್ಣದಿರುತ್ತೆ. ಗಟ್ಟಿಯಾದ, ಅರೆಹಣ್ಣಾದವನ್ನು ತೊಟ್ಟಿನ ಕಡೆ ಕೆಳಗೆ ಮಾಡಿ ಬುಟ್ಟಿಯಲ್ಲಿಟ್ಟರೆ ಫ್ರಿಜ್ ಇಲ್ಲದೆಯೂ ವಾರ ದಾಟುತ್ತೆ.

ಮೆತ್ತಗಾದವು ಗೊಜ್ಜಿಗೆ. 4 ಕೆಜಿ ಹಣ್ಣಿಗೆ 80 ಗ್ರಾಂ ಉಪ್ಪು, 80 ಗ್ರಾಂ ಹುಣಸೆ, 250 ಎಂಎಲ್ ಎಣ್ಣೆ, ಖಾರದಪುಡಿ ನಿಮ್ಮ ನಾಲಿಗೆಗೆ ತಕ್ಕಂತೆ. ಟೊಮೆಟೊದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ನೀರೇ, ಹಾಗಾಗಿ ಎಣ್ಣೆ ಹಾಕುವ ಮುಂಚೆ ಅಗಲದ ಬಾಣಲೆಯಲ್ಲಿ ಮುಚ್ಚದೆ ಕುದಿಸಿ, ಸುಮಾರು ಕಾಲುಭಾಗಕ್ಕೆ ಇಳಿಸಬೇಕು. ಆಮೇಲೆ ಎಣ್ಣೆ ಹಾಕಿ, ಅಂಚಿನಲ್ಲಿ ಅದು ಬಿಡುವವರೆಗೆ ಬಾಡಿಸಿ. ಬೂಸ್ಟು ಬರೋದು ಎರಡೇ ಕಾರಣಕ್ಕೆ: ನೀರು ಉಳಿದಿರುತ್ತೆ, ಇಲ್ಲವೇ ಚಮಚ ಒದ್ದೆಯಿರುತ್ತೆ. ಗಾಜಿನ ಬಾಟಲಿಯಲ್ಲಿ ತುಂಬಿ ಫ್ರಿಜ್‌ನಲ್ಲಿಟ್ಟರೆ ರಾತ್ರಿ ಎಂಟೂವರೆಗೆ ಮನೆಗೆ ಬಂದವರಿಗೆ ಸಾರಿಗೆ ಎರಡು ಚಮಚ ಸಾಕು.

ಹುಣಸೆ ಫೆಬ್ರವರಿಯಿಂದ ಏಪ್ರಿಲ್. ಓಡು, ನಾರು, ಬೀಜ ತೆಗೆದರೆ ಕಾಯಿಯ ತೂಕದಲ್ಲಿ ಉಳಿಯೋದು ಅರ್ಧಕ್ಕಿಂತ ತುಸು ಹೆಚ್ಚು. ಆದ್ದರಿಂದ ಬಿಡಿಸಿದ ಹಣ್ಣು ಕಾಯಿಯ ಎರಡರಷ್ಟು ಬೆಲೆಗೆ ಸಿಕ್ಕರೆ ಕಣ್ಣುಮುಚ್ಚಿ ಬಿಡಿಸಿದ್ದನ್ನೇ ತಗೊಳ್ಳಿ, ಭಾನುವಾರ ಉಳಿಯುತ್ತೆ. ವರ್ಷಕ್ಕೆ 5–6 ಕೆಜಿ. ಕೆಜಿಗೆ 50 ಗ್ರಾಂ ಕಲ್ಲುಪ್ಪು ಬೆರೆಸಿ ಜಾಡಿಯಲ್ಲಿ ಅದುಮಿ ತುಂಬಿ. ಲೋಹದ ಡಬ್ಬ ಬೇಡ, ಹುಳಿ ತಿಂದುಹಾಕುತ್ತೆ. ಒಣಮೆಣಸಿನಕಾಯಿಗೂ ಅದೇ ಕಾಲ.

ಕಡಲೆಬೀಜ ಊರುಬಿಂಡಿ ಚಟ್ನಿಗೆ, ಚಿತ್ರಾನ್ನಕ್ಕೆ ಎಷ್ಟು ಬೇಕೋ ಅಷ್ಟು ಸುಗ್ಗಿಯಲ್ಲಿ ತಗೊಳ್ಳಿ. ಆದರೆ ಗಾಣದ ಎಣ್ಣೆ ಉಳಿತಾಯ ಅನ್ನೋರ ಮಾತು ಪೂರ್ತಿ ನಂಬಬೇಡಿ. 1 ಲೀಟರಿಗೆ ಸುಮಾರು ಎರಡೂವರೆ ಕೆಜಿ ಬೀಜ ಬೇಕು, ಜೊತೆಗೆ ಗಾಣದ ಕೂಲಿ. ರುಚಿಗೆ, ನಂಬಿಕೆಗೆ ಆಡಿಸಿ, ಬೇಡ ಅನ್ನಲ್ಲ. ಸೂರ್ಯಕಾಂತಿ ಎಣ್ಣೆಗಿಂತ ಅಗ್ಗ ಆಗಲ್ಲ. ಎಣ್ಣೆ ಪಾಕೆಟ್ ನೋಡುವಾಗ 1 ಲೀಟರ್ ಅಂದರೆ ಸುಮಾರು 910 ಗ್ರಾಂ ಅನ್ನೋದು ನೆನಪಿರಲಿ. ಈಗ 800, 850 ಗ್ರಾಮಿನ ಪಾಕೆಟ್ಟುಗಳೂ ಅದೇ ಗಾತ್ರದಲ್ಲಿ ಕಾಣುತ್ತವೆ. ಪಾಕೆಟ್ಟಿನ ಮೇಲೆ ಗ್ರಾಮಿಗೆ, ಎಂಎಲ್‌ಗೆ, ಕೆಜಿಗೆ ಎಷ್ಟು ಅಂತ ಬಿಡಿ ದರ ಹಾಕಲೇಬೇಕು. ಎಂಆರ್‌ಪಿ ಪಕ್ಕದ ಆ ಸಣ್ಣಕ್ಷರವೇ ನಿಜವಾದ ಬೆಲೆ. ಅದನ್ನು ಓದಿದರೆ ದೊಡ್ಡ ಪ್ಯಾಕೇ ಅಗ್ಗ ಅನ್ನುವ ಭ್ರಮೆಯೂ ಹೋಗುತ್ತೆ. ಶಾಂಪೂ ಬಾಟಲಿಗಿಂತ ಸ್ಯಾಶೆ ಅಗ್ಗ ಬೀಳೋದುಂಟು.

ಅಂಗಡಿಯ ಸಾಲದ ಪುಸ್ತಕ ಇರುವ ತನಕ ಇದ್ಯಾವುದೂ ನಡೆಯಲ್ಲ. ಬರೆಸಿ ತರುವವರು ದರ ಕೇಳಲ್ಲ. ಮೊದಲು ಆ ಬಾಕಿ ತೀರಿಸಿ, ಆಮೇಲೆ ಮೂಟೆ.

ವಾರದ ನಡುವಿನ ಕೆಲಸ ಎರಡೇ. ಸೊಪ್ಪು ತಂದ ತಕ್ಷಣ ತೊಳೆಯಬೇಡಿ. ಕಟ್ಟು ಬಿಚ್ಚಿ, ಬೇರು ಕತ್ತರಿಸಿ, ಒಣ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿಡಿ. ಭಾನುವಾರ, ಬುಧವಾರ 300 ಗ್ರಾಂ ಬೇಳೆ ಒಟ್ಟಿಗೆ ಕುಕ್ಕರಿಗೆ ಹಾಕಿ, ಆರಿಸಿ ಮೂರು ಡಬ್ಬ ಮಾಡಿ. ಬಸ್ಸಾರು ಮಾಡುವ ದಿನ ಒಂದೇ ಬೇಯಿಸುವಿಕೆಯಲ್ಲಿ ಪಲ್ಯವೂ ಸಾರೂ ಆಗುತ್ತೆ, ಗ್ಯಾಸ್ ಲೆಕ್ಕದಲ್ಲೂ ನಮ್ಮ ಹಿರಿಯರು ಜಾಣರೇ.

ಅವರೆಗೆ ಮಾತ್ರ ಅವಸರ ಬೇಡ. ನವೆಂಬರಿನ ಮೊದಲ ಕಾಯಿಗೆ ದುಬಾರಿ ದುಡ್ಡು ಕೊಟ್ಟು, ಸೊಗಡಿಲ್ಲದ ಎಳೆಕಾಳು ತಿನ್ನೋದಕ್ಕಿಂತ ಜನವರಿಯಲ್ಲಿ ಗಾಡಿಗಟ್ಟಲೆ ಬಂದಾಗ ತಗೊಳ್ಳಿ. ಸುಲಿದ ಕಾಳನ್ನು ಕುದಿಯುವ ನೀರಿಗೆ ಎರಡು ನಿಮಿಷ ಹಾಕಿ, ತಣ್ಣೀರಿಗೆ ಬಗ್ಗಿಸಿ, ಬಟ್ಟೆ ಮೇಲೆ ಒದ್ದೆ ಪೂರ್ತಿ ಆರಿಸಿ, ಕಾಲು ಕೆಜಿಯ ಕವರಿನಲ್ಲಿ ಫ್ರೀಜರ್‌ಗೆ. ಒದ್ದೆ ಉಳಿದರೆ ಕಲ್ಲಿನಂತೆ ಒಂದೇ ಗಡ್ಡೆ ಆಗುತ್ತೆ, ಆಮೇಲೆ ಸುತ್ತಿಗೆ ಹುಡುಕಬೇಕು.