ಹಬ್ ಮೋಟರ್‌ಗೆ ಈ ಮಾತು ಹೊಂದಲ್ಲ

ಎಲೆಕ್ಟ್ರಿಕ್ ಸೈಕಲ್‌ಗೆ ಮುಂದಿನ ಚೈನ್‌ರಿಂಗ್ (ಪೆಡಲ್ ಹತ್ರ ಇರೋ ಹಲ್ಲಿನ ಚಕ್ರ) ಚಿಕ್ಕದು ಹಾಕಿದ್ರೆ ಏರಲ್ಲಿ ಮೋಟರ್‌ಗೆ ಆರಾಮ ಆಗುತ್ತೆ ಅಂತ ಲೇಖನದಲ್ಲಿ ಬರೆದಿದೀರಲ್ಲ ಸರ್, ಅದು ಪೆಡಲ್ ಹತ್ರ ಮೋಟರ್ ಇರೋ ಮಿಡ್ ಡ್ರೈವ್ ಬೈಕ್‌ಗೆ ಮಾತ್ರ ನಿಜ, ಯಾಕಂದ್ರೆ ಅಲ್ಲಿ ಮೋಟರ್ ಶಕ್ತಿನೂ ಚೈನ್ ಮೂಲಕವೇ ಹಿಂದಿನ ಚಕ್ರಕ್ಕೆ ಹೋಗುತ್ತೆ. ನಮ್ಮಲ್ಲಿ ಕಮ್ಮಿ ಬೆಲೆಗೆ ಸಿಗೋ ಇ-ಎಂಟಿಬಿಗಳಲ್ಲಿ (ಬೆಟ್ಟಗುಡ್ಡದ ಎಲೆಕ್ಟ್ರಿಕ್ ಸೈಕಲ್) 250 ವ್ಯಾಟ್ ಮೋಟರ್ ಹಿಂದಿನ ಹಬ್‌ನಲ್ಲೇ, ಅಂದ್ರೆ ಚಕ್ರದ ನಡುವೆಯೇ ಇರುತ್ತೆ, ಗೇರ್ ಏನೇ ಬದಲಾಯಿಸಿ ಅದಕ್ಕೆ ಗೊತ್ತೇ ಆಗಲ್ಲ, ಹಗುರ ಆಗೋದು ನಮ್ಮ ಕಾಲಿಗೆ.

ಹಾಗಂತ ಬೇಡ ಅಂತಿಲ್ಲ, ಖಂಡಿತ ಮಾಡಿಸಿ. ನಂದು 27.5 ಇಂಚಿನ ಚಕ್ರದ ಹಬ್ ಮೋಟರ್ ಬೈಕು, ಮುಂದೆ 42 ಹಲ್ಲು, ಹಿಂದಿನ ಗೇರ್‌ಗಳಲ್ಲಿ 14ರಿಂದ 28 ಹಲ್ಲು ಇತ್ತು, ನಂದಿ ಬೆಟ್ಟದ ಕೊನೇ ತಿರುವುಗಳಲ್ಲಿ ಸ್ಪೀಡ್ ಬಿದ್ದು ಹಬ್ ಮುಟ್ಟಕ್ಕಾಗದಷ್ಟು ಕಾಯ್ತಿತ್ತು, ಮಂಡಿ ಬೇರೆ ನೋವು. 32 ಹಲ್ಲಿನದು ಹಾಕಿಸಿದ ಮೇಲೆ ಕಾಲು ಸರಾಗ ತಿರುಗುತ್ತೆ, ನನ್ನ ಪಾಲಿನ ಕೆಲಸ ನಾನು ಮಾಡ್ತೀನಿ, ಸ್ಪೀಡ್ ಅಷ್ಟು ಬೀಳಲ್ಲ, ಹಬ್ಬೂ ಮೊದಲಿನಷ್ಟು ಕಾಯಲ್ಲ.

ಟಾಪ್ ಸ್ಪೀಡ್ ಹೋಗುತ್ತೆ ಅನ್ನೋ ಭಯನೂ ಬೇಡ. ಮುಂದಿನ 32ಕ್ಕೆ ಹಿಂದೆ 14 ಇಟ್ಟು ನಿಮಿಷಕ್ಕೆ 80 ಸುತ್ತು ತುಳಿದ್ರೆ ಸುಮಾರು 24 ಕಿಮೀ ವೇಗ ಬರುತ್ತೆ, 25ಕ್ಕೆ ಮೋಟರ್ ಹೇಗಿದ್ರೂ ಆಫ್ ಆಗುತ್ತಲ್ಲ.

ಒಂದು ವಿಷ್ಯ ಮಾತ್ರ ಲೇಖನದಲ್ಲಿ ಬರಲೇಬೇಕಿತ್ತು, ಚೈನ್ ಉದ್ದ. ಚಿಕ್ಕ ಚೈನ್‌ರಿಂಗ್‌ಗೆ ಹಳೇ ಚೈನ್ ಉದ್ದ ಜಾಸ್ತಿ ಆಗುತ್ತೆ, ನನ್ನ ಮೆಕ್ಯಾನಿಕ್ ಅದನ್ನ ಹಾಗೇ ಬಿಟ್ಟಿದ್ದ, ಇಳಿಜಾರಲ್ಲಿ ಅದು ಫ್ರೇಮ್‌ಗೆ ಪಟಪಟ ಹೊಡೆದು ಬೆರಳುದ್ದ ಪೇಂಟ್ ಎದ್ದುಹೋಯ್ತು, ಆಮೇಲೆ 4 ಲಿಂಕ್ ತೆಗೆಸಿದೆ.